ಮ್ಯೂನಿಕ್‌ಗೆ ಹೊಸದಾಗಿ ಬಂದೋರಿಗೆ: ಚಳಿಗಾಲದ ದಿನಸಿ, ಕಡಿಮೆ ಖರ್ಚಿನ ಸಸ್ಯಾಹಾರಿ ಅಡುಗೆ

ಅಕ್ಟೋಬರ್, ನವೆಂಬರಲ್ಲಿ ಬಂದಿಳಿಯೋ ಕುಟುಂಬಗಳು ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪಿಗೆ ಸೇರಿದ ಕೂಡ್ಲೆ ಕೇಳೋ ಪ್ರಶ್ನೆ ಒಂದೇ, ಇಲ್ಲಿ ಇಂಡಿಯನ್ ಅಂಗಡಿ ಎಲ್ಲಿದೆ ಅಂತ. ಇದೆ, ಅಲ್ಲಿ ಏನು ತಗೋಬೇಕು ಅಂತ ಕೊನೆಗೆ ಹೇಳ್ತೀವಿ. ಆದ್ರೆ ಎಲ್ಲಾನೂ ಅಲ್ಲೇ ತಗೋಳಕ್ಕೆ ಹೋದ್ರೆ ಮೊದಲ್ನೇ ತಿಂಗಳ ಬಜೆಟ್ ಅಲ್ಲೇ ಮುಗಿಯತ್ತೆ, ಅದರಲ್ಲೂ ಮನೆ ಡಿಪಾಸಿಟ್ಟು ಜಾಕೆಟ್ಟು ಶೂ ಅಂತ ದುಡ್ಡು ಹೋಗ್ತಿರೋ ಟೈಮಲ್ಲಿ. ನಮ್ಮ ಅಡುಗೆಗೆ ಬೇಕಾಗಿರೋ ಬಹಳಷ್ಟು ಸಾಮಾನು ನಿಮ್ಮ ಮನೆ ಪಕ್ಕದ ಆಲ್ಡಿ, ಲಿಡ್ಲ್‌ನಲ್ಲೇ ಇದೆ, ಬೇರೆ ಹೆಸರಲ್ಲಿ ಬೇರೆ ಪ್ಯಾಕೆಟ್ಟಲ್ಲಿ ಕೂತಿದೆ ಅಷ್ಟೇ. ಅದನ್ನ ಗುರುತು ಹಿಡಿಯೋದು ಹೇಗೆ ಅಂತ ಹೇಳಕ್ಕೇ ಇದನ್ನ ಬರೀತಿರೋದು.

ಮೊದಲು ಅಂಗಡಿಗಳು. ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ, ನೋರ್ಮಾ ಇವೆಲ್ಲ ಡಿಸ್ಕೌಂಟರ್‌ಗಳು, ರೇವೆ ಮತ್ತೆ ಎಡೆಕಾದಲ್ಲಿ ವೆರೈಟಿ ಜಾಸ್ತಿ, ರೇಟೂ ಸ್ವಲ್ಪ ಜಾಸ್ತಿ. ಆದ್ರೆ ಅಲ್ಲೂ ಅಂಗಡಿಯವರದ್ದೇ ಸ್ವಂತ ಬ್ರ್ಯಾಂಡ್ ಇರತ್ತೆ, ರೇವೆಯಲ್ಲಿ ‘ಯಾ’, ಎಡೆಕಾದಲ್ಲಿ ‘ಗುಟ್ ಉಂಡ್ ಗ್ಯುನ್‌ಸ್ಟಿಗ್’, ಅವುಗಳ ಬೆಲೆ ಹೆಚ್ಚುಕಮ್ಮಿ ಡಿಸ್ಕೌಂಟರ್ ಬೆಲೆನೇ. ಅಗ್ಗದ ಸಾಮಾನು ಎಷ್ಟೋ ಸಲ ಶೆಲ್ಫಿನ ಕೆಳಗಿನ ಸಾಲಲ್ಲಿ ಇಟ್ಟಿರ್ತಾರೆ, ಬಗ್ಗಿ ನೋಡಿ. ಬೆಲೆ ಚೀಟಿಯಲ್ಲಿ ದೊಡ್ಡ ಅಕ್ಷರದ ರೇಟ್ ಕೆಳಗೆ ಸಣ್ಣದಾಗಿ ಕೆಜಿಗೆ ಇಲ್ಲಾ ಲೀಟರಿಗೆ ಎಷ್ಟು ಅಂತ ಹಾಕಿರ್ತಾರೆ, ಇಲ್ಲಿ ಅದನ್ನ ಹಾಕೋದು ಕಾನೂನು, ಕಂಪೇರ್ ಮಾಡೋದು ಅದನ್ನೇ. ವಾರದ ಆಫರ್‌ಗಳು ಹೆಚ್ಚಾಗಿ ಸೋಮವಾರ ಬದಲಾಗತ್ತೆ, ಕೌಫ್‌ಲಾಂಡ್‌ನಲ್ಲಿ ಗುರುವಾರ. ಬೇಗ ಕೆಡೋ ಸಾಮಾನಿಗೆ 30 ಪರ್ಸೆಂಟ್ ಕಡಿತ ಅಂತ ಸ್ಟಿಕರ್ ಹಾಕಿರ್ತಾರೆ, ಮೊಸರು ತೋಫು ಥರದ್ದು ಅವತ್ತೇ ನಾಳೆನೇ ಖಾಲಿ ಮಾಡೋ ಹಾಗಿದ್ರೆ ಧಾರಾಳವಾಗಿ ತಗೋಬಹುದು.

ಟ್ರಾಲಿಗೆ 1 ಯೂರೋ ಇಲ್ಲಾ 50 ಸೆಂಟ್ ನಾಣ್ಯ ಬೇಕು, ವಾಪಸ್ ಸಿಗತ್ತೆ. ಚೀಲ ಮನೆಯಿಂದ ತಗೊಂಡು ಹೋಗಿ. ಕೌಂಟರಲ್ಲಿ ಅವರು ಸ್ಕ್ಯಾನ್ ಮಾಡೋ ಸ್ಪೀಡಿಗೆ ಗಾಬರಿ ಆಗ್ಬೇಡಿ, ಎಲ್ಲಾನೂ ಟ್ರಾಲಿಗೆ ವಾಪಸ್ ತುಂಬ್ಕೊಂಡು ಪಕ್ಕಕ್ಕೆ ಹೋಗಿ ನಿಧಾನಕ್ಕೆ ಚೀಲಕ್ಕೆ ಹಾಕ್ಕೊಳಿ, ಎಲ್ಲರೂ ಮಾಡೋದು ಅದೇ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಬಿಸಾಡಬೇಡಿ, ಹೆಚ್ಚಿನವಕ್ಕೆ ಒಂದೊಂದಕ್ಕೂ 25 ಸೆಂಟ್ ಫಾಂಡ್, ಅಂದ್ರೆ ಡಿಪಾಸಿಟ್, ಕೊಟ್ಟಿರ್ತೀರ, ಅಂಗಡಿಯ ಮೆಷಿನ್‌ಗೆ ಹಾಕಿದ್ರೆ ಚೀಟಿ ಬರತ್ತೆ, ಬಿಲ್ಲಲ್ಲಿ ಕಳೀತಾರೆ. ನಿಜ ಹೇಳ್ಬೇಕಂದ್ರೆ ನೀರಿನ ಬಾಟಲಿ ತಗೋಳೋದೇ ಬೇಡ, ಇಲ್ಲಿ ನಲ್ಲಿ ನೀರು ಆಲ್ಪ್ಸ್ ಬುಡದ ಕಡೆಯಿಂದ ಬರೋದು, ನೇರವಾಗಿ ಕುಡಿಬಹುದು.

ಆದ್ರೆ ಆ ನೀರು ಗಡಸು ನೀರು, ಇದು ಅಡುಗೆಮನೇಲಿ ಗೊತ್ತಾಗತ್ತೆ. ಕಾಬೂಲಿ ಕಡಲೆ, ರಾಜ್ಮಾ ಎಷ್ಟು ವಿಶಲ್ ಕೂಗಿಸಿದ್ರೂ ಗಟ್ಟಿ ಗಟ್ಟಿ ಉಳಿಯತ್ತೆ, ಕುಕ್ಕರ್ ಹಾಳಾಗಿದೆ ಅಂದ್ಕೋತಾರೆ ಹೊಸಬರು. ರಾತ್ರಿ ನೆನೆಸುವಾಗ ಒಂದು ಚಿಟಿಕೆ ನಾಟ್ರೋನ್ ಹಾಕಿ, ಅಂದ್ರೆ ಅಡುಗೆ ಸೋಡಾ, ಬೇಕಿಂಗ್ ಸಾಮಾನಿನ ಹತ್ರ ಪುಟ್ಟ ಪ್ಯಾಕೆಟ್ಟಲ್ಲಿ ಸಿಗತ್ತೆ, ಬೆಳಿಗ್ಗೆ ಆ ನೀರು ಚೆಲ್ಲಿ ಬೇಯಿಸಿ. ಅಷ್ಟೂ ಬೇಡ ಅಂದ್ರೆ ಬೇಯಿಸಿರೋ ಕಡಲೆ, ರಾಜ್ಮಾ ಡಬ್ಬಿ ಎಲ್ಲಾ ಡಿಸ್ಕೌಂಟರಲ್ಲೂ ಇದೆ, ತೊಳ್ಕೊಂಡು ಹಾಕಿದ್ರೆ ಆಯ್ತು.

ಬೇಳೆ ವಿಷಯಕ್ಕೆ ಬರೋಣ. ‘ರೋಟೆ ಲಿನ್ಸೆನ್’ ಅಂದ್ರೆ ನಮ್ಮ ಮಸೂರ್ ಬೇಳೆ, ಸೂಪರ್‌ಮಾರ್ಕೆಟಲ್ಲೂ ಇದೆ, ಸೋಪು ಶ್ಯಾಂಪೂ ಮಾರೋ ಡಿಎಂ ಅಂಗಡಿಯಲ್ಲೂ ಇದೆ. ನೆನೆಸೋದು ಬೇಡ, ಕುಕ್ಕರ್ ಬೇಡ, ಕಾಲು ಗಂಟೇಲಿ ಕರಗಿ ಹೋಗತ್ತೆ. ಕುಕ್ಕರ್ ಇನ್ನೂ ಬಂದಿಲ್ಲದ ಮೊದಲ ವಾರದಲ್ಲಿ ಇದರ ಸಾರೇ ಗತಿ. ತೊಗರಿಬೇಳೆ ರುಚಿ ಬರಲ್ಲ ಅನ್ನೋದು ಹೌದು, ಆದ್ರೆ ಊರಿಂದ ತಂದ ಸಾರಿನ ಪುಡಿ ಹಾಕಿ ಇಂಗಿನ ಒಗ್ಗರಣೆ ಕೊಟ್ರೆ ಮಕ್ಕಳು ಕೇಳಲ್ಲ. ಚಳಿಗಾಲದ ಟೊಮೇಟೊಗೆ ಹುಳಿನೂ ಇಲ್ಲ ಬಣ್ಣನೂ ಇಲ್ಲ, ದುಡ್ಡು ದಂಡ. ಅದರ ಬದಲು ‘ಪಸ್ಸೀರ್ಟೆ ಟೊಮಾಟೆನ್’ ಅಂತ ಸೋಸಿದ ಟೊಮೇಟೊ ರಸ 500 ಗ್ರಾಮ್ ಡಬ್ಬಿ ಬರತ್ತೆ, ಅರ್ಧ ಸಾರಿಗೆ, ಇನ್ನರ್ಧ ಮಾರನೇ ದಿನ ಟೊಮೇಟೊ ಬಾತಿಗೆ.

ಅಕ್ಕಿ. ಸೋನಾ ಮಸೂರಿ ಇಂಡಿಯನ್ ಅಂಗಡಿಯ 10 ಕೆಜಿ ಚೀಲನೇ ಸರಿ. ಆದ್ರೆ ಮೊಸರನ್ನ, ಪೊಂಗಲ್, ಬಿಸಿಬೇಳೆ ಬಾತ್‌ಗೆ ಮೆತ್ತಗಾಗೋ ಅಕ್ಕಿ ಬೇಕಲ್ವಾ, ಅದಕ್ಕೆ ಇಲ್ಲಿಯ ‘ಮಿಲ್ಶ್‌ರೈಸ್’ ತುಂಬಾ ಚೆನ್ನಾಗಿರತ್ತೆ, ಇವರು ಹಾಲಲ್ಲಿ ಬೇಯಿಸಿ ಸಿಹಿ ಮಾಡೋ ಗುಂಡು ಅಕ್ಕಿ ಅದು. ಅಕ್ಕಿ ಹಿಟ್ಟು ಏಷ್ಯನ್ ಅಂಗಡಿಯಲ್ಲಿ ಥಾಯ್ ಪ್ಯಾಕೆಟ್ ಅಗ್ಗ, ಬರಹ ಕೆಂಪಿರೋದು ತಗೋಳಿ, ಹಸಿರು ಬರಹದ್ದು ಅಂಟು ಅಕ್ಕಿದು, ಅದರಲ್ಲಿ ರೊಟ್ಟಿ ತಟ್ಟಕ್ಕೆ ಹೋದ್ರೆ ಕೈಗೇ ಮೆತ್ತಿಕೊಳ್ಳತ್ತೆ.

ರವೆ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ಗ್ರೀಸ್ ಅಂದ್ರೆ ರವೆ, ಅದರಲ್ಲಿ ಎರಡು ಥರ. ‘ವೈಶ್‌ವೈಟ್ಸೆನ್’ ಅಂತ ಇದ್ರೆ ಮೆತ್ತನೇ ಗೋಧಿದು, ಉಪ್ಪಿಟ್ಟು ಮಾಡಿದ್ರೆ ಮುದ್ದೆ ಆಗತ್ತೆ. ‘ಹಾರ್ಟ್‌ವೈಟ್ಸೆನ್’ ಅಂತ ಇರೋದನ್ನ ತಗೊಂಡು ಚೆನ್ನಾಗಿ ಹುರ್ಕೊಂಡು ಮಾಡಿ, ಉದುರುದುರಾಗಿ ಬರತ್ತೆ. ಟರ್ಕಿಶ್ ಅಂಗಡಿಯ ಬುಲ್ಗುರ್ ಕೂಡ ಉಪ್ಪಿಟ್ಟಿಗೆ ಒಳ್ಳೇದು. ‘ಹಿರ್ಸೆ’ ಅಂತ ಹಳದಿ ಕಾಳು ಡಿಎಂನಲ್ಲಿ ನೋಡಿರ್ತೀರ, ಅದು ನಮ್ಮ ಬರಗು, ಊರಲ್ಲಿ ಸಿರಿಧಾನ್ಯ ಅಂತ ಜಾಸ್ತಿ ದುಡ್ಡು ಕೊಟ್ಟು ತಗೋತಿದ್ವಲ್ಲ ಅದೇ. ಖಾರ ಪೊಂಗಲ್ ಮಾಡಿ ನೋಡಿ. ಗೋಧಿ ಹಿಟ್ಟಲ್ಲಿ ಟೈಪ್ 405 ಅಂದ್ರೆ ಮೈದಾ ಅಂತಲೇ ತಿಳ್ಕೊಳಿ, ಫೋಲ್‌ಕೋರ್ನ್ ಅನ್ನೋದು ತೌಡು ಸಮೇತ ಇರತ್ತೆ, ಬರೀ ಅದರಲ್ಲಿ ಚಪಾತಿ ಒರಟಾಗತ್ತೆ, ಎರಡನ್ನೂ ಸಮ ಸಮ ಬೆರೆಸಿ, ಕಲೆಸಿದ ಹಿಟ್ಟು ಅರ್ಧ ಗಂಟೆ ನೆನೆಯಕ್ಕೆ ಬಿಡಿ.

ಇನ್ನು ತರಕಾರಿ. ಬೆಂಡೆಕಾಯಿ, ಬದನೆಕಾಯಿ, ಹೀರೇಕಾಯಿ ಬೇಕೇ ಬೇಕು ಅಂತ ಜನವರಿಯಲ್ಲಿ ಹಠ ಮಾಡಿದ್ರೆ ದುಡ್ಡು ನೀರಿನ ಥರ ಹೋಗತ್ತೆ. ಈ ಕಾಲದಲ್ಲಿ ಇಲ್ಲಿ ಅಗ್ಗಕ್ಕೆ ಸಿಗೋದು ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ, ಬೀಟ್‌ರೂಟ್, ಕುಂಬಳಕಾಯಿ, ಇವಿಷ್ಟರಲ್ಲೇ ವಾರ ಪೂರ್ತಿ ಅಡುಗೆ ಆಗತ್ತೆ. ಎಲೆಕೋಸಿನ ಒಂದು ಗೆಡ್ಡೆ ತಂದ್ರೆ ಒಂದಿನ ಪಲ್ಯ, ಒಂದಿನ ಹುಳಿ, ಉಳಿದಿದ್ದು ಹೆಚ್ಚಿ ಅಕ್ಕಿ ರೊಟ್ಟಿಗೆ. ಬೀಟ್‌ರೂಟ್ ಬೇಯಿಸಿ ಸಿಪ್ಪೆ ತೆಗೆದು 500 ಗ್ರಾಮ್ ಪ್ಯಾಕ್ ಮಾಡಿ ಮಾರ್ತಾರೆ, ಹೆಚ್ಚಿ ಒಗ್ಗರಣೆಗೆ ಹಾಕಿ ಕಾಯಿ ಉದುರಿಸಿದ್ರೆ ಪಲ್ಯ ರೆಡಿ, ಆಫೀಸಿಂದ ಆರು ಗಂಟೆಗೆ ಕತ್ತಲಲ್ಲಿ ಮನೆಗೆ ಬಂದೋರಿಗೆ ಇದಕ್ಕಿಂತ ಸುಲಭ ಇಲ್ಲ. ‘ಹೊಕ್ಕೈಡೊ’ ಅನ್ನೋ ಕಿತ್ತಳೆ ಬಣ್ಣದ ಪುಟ್ಟ ಕುಂಬಳದ ಸಿಪ್ಪೆ ತೆಗೆಯೋದು ಬೇಡ, ಹಾಗೇ ಹೆಚ್ಚಿ ಹುಳಿಗೆ ಹಾಕಿ.

ನವಿಲುಕೋಸು ಇಲ್ಲಿ ಎಲ್ಲಾ ಅಂಗಡಿಯಲ್ಲೂ ಇದೆ, ಅದನ್ನ ನೋಡಿ ಖುಷಿಪಡದ ಮೈಸೂರಿನವರನ್ನ ನಾವಂತೂ ಕಂಡಿಲ್ಲ! ಇಲ್ಲಿಯವರು ಹಸಿಯಾಗೂ ತಿಂತಾರೆ, ನಾವು ಹುಳಿ ಮಾಡೋಣ. ಇನ್ನೊಂದು ನಮ್ಮದೇ ಅನ್ನಿಸೋ ಸಾಮಾನು ಸಬ್ಬಸಿಗೆ ಸೊಪ್ಪು. ಇಲ್ಲಿ ಡಿಲ್ ಅಂತಾರೆ, ಹೆಚ್ಚಿ ಫ್ರೀಜ್ ಮಾಡಿದ ಪುಟ್ಟ ಡಬ್ಬಿ ಫ್ರೀಜರ್ ಸಾಲಲ್ಲಿ ಇರತ್ತೆ. ಬಿಸಿ ನೀರಲ್ಲಿ ಅಕ್ಕಿ ಹಿಟ್ಟು ಕಲೆಸಿ, ಸಬ್ಬಸಿಗೆ, ಈರುಳ್ಳಿ, ಹಸಿಮೆಣಸು, ತುರಿದ ಕ್ಯಾರೆಟ್ ಹಾಕಿ ರೊಟ್ಟಿ ತಟ್ಟಿದ್ರೆ ಭಾನುವಾರದ ತಿಂಡಿ ಆಯ್ತು. ಫ್ರೀಜರಲ್ಲೇ ಬಟಾಣಿ, ಹುರುಳಿಕಾಯಿ, ಪಾಲಕ್ ಕೂಡ ತಗೋಳಿ, ಪಾಲಕ್ ‘ಬ್ಲಾಟ್‌ಸ್ಪಿನಾಟ್’ ಅಂತ ಇರೋದು, ‘ರಾಮ್‌ಸ್ಪಿನಾಟ್’ ಅಂದ್ರೆ ಕ್ರೀಮ್ ಹಾಕಿರ್ತಾರೆ, ಮಸ್ಸೊಪ್ಪಿಗೆ ಆಗಲ್ಲ. ‘ಗ್ರ್ಯುನ್‌ಕೋಲ್’ ಅನ್ನೋ ಸುರುಳಿ ಸೊಪ್ಪು ಗಟ್ಟಿ ಇರತ್ತೆ, ಚೆನ್ನಾಗಿ ಬೇಯಿಸಿ ಬಸಿದ್ರೆ ಬಸ್ಸಾರಿಗೆ ಹೇಳಿ ಮಾಡಿಸಿದ ಹಾಗಿದೆ.

ಕೊತ್ತಂಬರಿ, ಪುದೀನ, ಹಸಿಮೆಣಸು, ನಿಂಬೆಗೆ ಟರ್ಕಿಶ್ ಅಂಗಡಿ. ಹಾಪ್ಟ್‌ಬಾನ್‌ಹೋಫ್‌ನ (ಮುಖ್ಯ ರೈಲ್ವೆ ಸ್ಟೇಷನ್) ದಕ್ಷಿಣಕ್ಕೆ ಗೋಥೆಸ್ಟ್ರಾಸೆ, ಲಾಂಡ್‌ವೆರ್‌ಸ್ಟ್ರಾಸೆ ಕಡೆ ನಡೆದ್ರೆ ಸಾಲಾಗಿ ಸಿಗತ್ತೆ, ಸೂಪರ್‌ಮಾರ್ಕೆಟ್‌ನ ನಾಲ್ಕು ಕಡ್ಡಿ ಕೊತ್ತಂಬರಿಗೆ ಕೊಡೋ ದುಡ್ಡಿಗೆ ಇಲ್ಲಿ ದೊಡ್ಡ ಕಟ್ಟು ಬರತ್ತೆ. ಸಣ್ಣ ಅಂಗಡಿಗಳಲ್ಲಿ ಇಷ್ಟು ಯೂರೋ ಮೇಲಾದ್ರೆ ಮಾತ್ರ ಕಾರ್ಡು ಅಂತಾರೆ, ಸ್ವಲ್ಪ ಕ್ಯಾಶ್ ಇಟ್ಕೊಳಿ. ವಿಕ್ಟುಆಲಿಯೆನ್‌ಮಾರ್ಕ್ಟ್ ಅನ್ನೋ ಮಾರ್ಕೆಟ್ ನೋಡಕ್ಕೆ ಹೋಗಿ, ತರಕಾರಿಗೆ ಬೇಡ.

ಹಾಲು ಮೊಸರು. ಫ್ರಿಜ್ಜಲ್ಲಿರೋ ತಾಜಾ ಹಾಲು, ಹೊರಗೆ ಶೆಲ್ಫಲ್ಲಿರೋ ‘ಹಾ-ಮಿಲ್ಶ್’ ಅಂತ ಎರಡು ಥರ. ಹಾ-ಮಿಲ್ಶ್ ಆಗಲೇ ಚೆನ್ನಾಗಿ ಕಾಯಿಸಿರೋದ್ರಿಂದ ಮತ್ತೆ ಕುದಿಸೋದು ಬೇಡ, ಉಗುರು ಬೆಚ್ಚಗೆ ಮಾಡಿ ಹೆಪ್ಪು ಹಾಕಿದ್ರೆ ಮೊಸರಾಗತ್ತೆ. ಪನೀರಿಗೆ ಮಾತ್ರ ತಾಜಾ ಹಾಲೇ ಬೇಕು. ಹೆಪ್ಪಿಗೆ ಸಕ್ಕರೆ ಹಣ್ಣು ಇಲ್ಲದ ‘ನಾಟೂರ್‌ಯೋಗುರ್ಟ್’ ಸಾಕು. ಚಳಿಯಲ್ಲಿ ಅಡುಗೆಮನೆ ಕಟ್ಟೆ ಮೇಲಿಟ್ರೆ ಹೆಪ್ಪಾಗಲ್ಲ, ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ ಬಾಗಿಲು ಮುಚ್ಚಿ, ದೋಸೆ ಇಡ್ಲಿ ಹಿಟ್ಟಿಗೂ ಇದೇ ಉಪಾಯ, ಹಿಟ್ಟಿನ ಪಾತ್ರೆ ಕೆಳಗೆ ಒಂದು ತಟ್ಟೆ ಇಡಿ, ಉಕ್ಕಿದ್ರೆ ಓವನ್ ತೊಳೆಯೋದು ದೊಡ್ಡ ಕೆಲಸ. ಬುಟ್ಟರ್‌ಮಿಲ್ಶ್ ಅಂದ್ರೆ ಮಜ್ಜಿಗೆನೇ, ಸ್ವಲ್ಪ ಮಂದ ಇರತ್ತೆ, ನವಿಲುಕೋಸಿನ ಮಜ್ಜಿಗೆ ಹುಳಿಗೆ ಚೆನ್ನಾಗಿ ಒಗ್ಗತ್ತೆ, ಹಾಕಿದ ಮೇಲೆ ಜೋರಾಗಿ ಕುದಿಸ್ಬೇಡಿ ಒಡೆಯತ್ತೆ. ಬೆಣ್ಣೆ 250 ಗ್ರಾಮ್ ಪ್ಯಾಕ್ ಆಫರಲ್ಲಿ ಬಂದಾಗ ನಾಲ್ಕೈದು ತಂದು ತುಪ್ಪ ಕಾಯಿಸಿಟ್ಕೊಳಿ. ಊರಿಂದ ತುಪ್ಪ, ಹಾಲಿನ ಸ್ವೀಟು ಬ್ಯಾಗಲ್ಲಿ ತರೋ ಹಾಗಿಲ್ಲ, ಯುರೋಪಿಯನ್ ಯೂನಿಯನ್ ಹೊರಗಿಂದ ಹಾಲಿನ ಪದಾರ್ಥ ತರೋದು ನಿಷಿದ್ಧ, ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ಇದನ್ನ ಬರೋ ಅಪ್ಪ ಅಮ್ಮನಿಗೆ ಮೊದಲೇ ಫೋನಲ್ಲಿ ಹೇಳಿಬಿಡಿ.

ಶುದ್ಧ ಸಸ್ಯಾಹಾರಿಗಳು ಇದೊಂದು ಪ್ಯಾರಾ ಸರಿಯಾಗಿ ಓದ್ಕೊಳಿ. ‘ಬುಟ್ಟರ್‌ಶ್ಮಾಲ್ಟ್ಸ್’ ಅಂದ್ರೆ ತುಪ್ಪ, ‘ಶ್ವೈನೆಶ್ಮಾಲ್ಟ್ಸ್’ ಅಂದ್ರೆ ಹಂದಿ ಕೊಬ್ಬು, ಎರಡೂ ಒಂದೇ ಶೆಲ್ಫಲ್ಲಿ ಅಕ್ಕಪಕ್ಕ ಇರಬಹುದು. ಬಾಟಲಿಯಲ್ಲಿ ಬರೋ ಕೆಂಪು ಕೋಸಿನ ಪಲ್ಯದಲ್ಲೂ ಆ ಕೊಬ್ಬು ಇರಬಹುದು, ಲೇಬಲ್ ನೋಡಿ. ಮಕ್ಕಳ ಗಮ್ಮಿ ಮಿಠಾಯಿ, ಕೆಲವು ಸಿಹಿ ಮೊಸರಲ್ಲಿ ಗೆಲಾಟಿನೆ ಇರತ್ತೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋದು. ಚೀಸಲ್ಲಿ ‘ಲಾಬ್’ (ಹಾಲು ಗಟ್ಟಿ ಮಾಡೋ ಹೆಪ್ಪು) ಅಂತ ಇದ್ರೆ ಅದು ಕರುವಿನ ಹೊಟ್ಟೆದಾಗಿರಬಹುದು, ‘ಮಿಕ್ರೋಬಿಯೆಲ್ಲೆಸ್ ಲಾಬ್’ ಅಂತ ಇದ್ರೆ ಸರಿ, ಪಾರ್ಮೆಸಾನ್ ಯಾವತ್ತೂ ಸಸ್ಯಾಹಾರಿ ಅಲ್ಲ. ಶಾವಿಗೆ ಥರ ಕಾಣೋ ಸೂಪ್ ನೂಡಲ್ಸಲ್ಲಿ ಮೊಟ್ಟೆ ಹಾಕಿರ್ತಾರೆ, ಪದಾರ್ಥಗಳ ಪಟ್ಟಿಯಲ್ಲಿ ಮೊಟ್ಟೆ ಹಾಲಿನಂಥ ಅಲರ್ಜಿ ವಸ್ತುಗಳನ್ನ ಎದ್ದು ಕಾಣೋ ಹಾಗೆ ಅಚ್ಚು ಹಾಕಿರ್ತಾರೆ, ‘ಐ’ ಅಂದ್ರೆ ಮೊಟ್ಟೆ. ಹಳದಿ ವಿ ಗುರುತಿದ್ರೆ ನಿಶ್ಚಿಂತೆ, ಆದ್ರೆ ಅದರ ಕೆಳಗೆ ಬರೀ ವೆಜಿಟಾರಿಶ್ ಅಂತ ಇದ್ರೆ ಮೊಟ್ಟೆ ಇರಬಹುದು. ಕಿಟಾದಲ್ಲಿ, ಅಂದ್ರೆ ಶಿಶುವಿಹಾರದಲ್ಲಿ, ಮಗುಗೆ ಊಟ ಇದ್ರೆ ಮೊಟ್ಟೆ ಬೇಡ ಅಂತ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ.

ಹಾಗೇ, ಅಕ್ಟೋಬರಿಂದ ಮಾರ್ಚ್ ತನಕ ಇಲ್ಲಿಯ ಬಿಸಿಲಲ್ಲಿ ಮೈಗೆ ವಿಟಮಿನ್ ಡಿ ಸಾಕಷ್ಟು ಆಗಲ್ಲ, ಸಸ್ಯಾಹಾರಿಗಳಿಗೆ ಬಿ12 ಕೂಡ ಕಮ್ಮಿ ಬೀಳೋದುಂಟು. ಹೌಸ್‌ಆರ್ಟ್ಸ್ ಹತ್ರ, ಅಂದ್ರೆ ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ರ ಕೇಳಿ, ನೀವೇ ದೊಡ್ಡ ಡೋಸ್ ನುಂಗಬೇಡಿ. ಮತ್ತೆ ಒಗ್ಗರಣೆ ಹಾಕಿದ ಮೇಲೆ, ಕುಕ್ಕರ್ ಇಳಿಸಿದ ಮೇಲೆ ಎಷ್ಟೇ ಚಳಿ ಇದ್ರೂ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಬಿಡಿ, ಆವಿ ಗೋಡೇಲಿ ಕೂತು ಬೂಷ್ಟು ಬಂದ್ರೆ ಮನೆ ಓನರ್ ಜೊತೆ ಡಿಪಾಸಿಟ್ ತಕರಾರು ಶುರುವಾಗತ್ತೆ.

ಹಾಗಾದ್ರೆ ಇಂಡಿಯನ್ ಅಂಗಡಿಯಲ್ಲಿ ಏನು ತಗೋಬೇಕು? ತೊಗರಿಬೇಳೆ, ಉದ್ದಿನಬೇಳೆ, ಸೋನಾ ಮಸೂರಿ, ರಾಗಿ ಹಿಟ್ಟು, ಹುಣಸೆಹಣ್ಣು, ಬೆಲ್ಲ, ಇಂಗು, ಕರಿಬೇವು, ಫ್ರೀಜ್ ಮಾಡಿದ ತೆಂಗಿನತುರಿ, ಸಾಸಿವೆ. ಸಾಸಿವೆ ಯಾಕೆ ಅಂದ್ರೆ ಸೂಪರ್‌ಮಾರ್ಕೆಟಲ್ಲಿ ಸಿಗೋದು ಹಳದಿ ಸಾಸಿವೆ, ಒಗ್ಗರಣೆಗೆ ಆ ಘಮ ಬರಲ್ಲ. ಕರಿಬೇವು ತೊಳೆದು ಒರೆಸಿ ಡಬ್ಬಿಗೆ ಹಾಕಿ ಫ್ರೀಜರಿಗಿಡಿ. ಆನ್‌ಲೈನ್ ತರಿಸೋರು ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದೇ ಆರ್ಡರ್ ಹಾಕಿ, ಡೆಲಿವರಿ ಚಾರ್ಜ್ ಉಳಿಯತ್ತೆ.

ಕೊನೇದಾಗಿ ರಜೆಗಳು. ಬವೇರಿಯಾದಲ್ಲಿ ರಾತ್ರಿ 8ಕ್ಕೆ ಅಂಗಡಿ ಬಂದ್, ಭಾನುವಾರ ಪೂರ್ತಿ ಬಂದ್, ತೀರಾ ತುರ್ತಿದ್ರೆ ಹಾಪ್ಟ್‌ಬಾನ್‌ಹೋಫ್, ಓಸ್ಟ್‌ಬಾನ್‌ಹೋಫ್, ಏರ್‌ಪೋರ್ಟ್ ಒಳಗಿನ ಅಂಗಡಿಗಳು ತೆಗೆದಿರ್ತಾವೆ, ರೇಟ್ ಜಾಸ್ತಿ. ನವೆಂಬರ್ 1 ರಜೆ. ಡಿಸೆಂಬರ್ 24ಕ್ಕೆ ಮಧ್ಯಾಹ್ನ 2ರ ಒಳಗೆ ಬಾಗಿಲು ಹಾಕ್ತಾರೆ, 25, 26 ಎರಡೂ ದಿನ ಇಲ್ಲ, ಅದಕ್ಕೆ ಹತ್ಕೊಂಡು ಭಾನುವಾರ ಬಂದ್ರೆ ಇನ್ನೂ ಕಷ್ಟ, ಹಾಲು ತರಕಾರಿ 23ಕ್ಕೇ ತಂದಿಟ್ಕೊಳಿ. ಜನವರಿ 1 ಮತ್ತೆ ಜನವರಿ 6 ಕೂಡ ಬಂದ್. ಅದು ಮುಗಿದ ಒಂದು ವಾರಕ್ಕೆ ಸಂಕ್ರಾಂತಿ. ಎಳ್ಳು, ಉಪ್ಪಿಲ್ಲದ ಕಡಲೆಕಾಯಿ ಬೀಜ ಡಿಎಂ ಇಲ್ಲಾ ಟರ್ಕಿಶ್ ಅಂಗಡಿಯಲ್ಲಿ, ಬೆಲ್ಲ ಹುರಿಗಡಲೆ ಇಂಡಿಯನ್ ಅಂಗಡಿಯಲ್ಲಿ, ಕೊಬ್ಬರಿ ಊರಿಂದ ತಂದಿದ್ರೆ ಅದು. ಮನೇಲಿ ಸಕ್ಕರೆ ಅಚ್ಚಿನ ಮಣೆ ಇರೋರು ಜನವರಿ ಮೊದಲ ವಾರದಲ್ಲೇ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ, ಕೇಳೋರು ತುಂಬಾ ಜನ ಇರ್ತಾರೆ.