ನಂಬರು ಮತ್ತೆ ರಿಜಿಸ್ಟರಿಗೆ ಸೇರುವ ತನಕ

ಶಿವಮೊಗ್ಗದಲ್ಲಿ ಹಳೇ ಪುಸ್ತಕದ ವ್ಯಾಪಾರ ಶುರು ಮಾಡಿ ನನಗೆ ಇಪ್ಪತ್ತೆರಡು ವರ್ಷ ಆಯಿತು. ಪುಸ್ತಕ ಜಾಸ್ತಿ ಬರುವುದು ಮನೆಗಳಿಂದ. ಹಿರಿಯರು ತೀರಿಕೊಂಡ ಮೇಲೆ, ಹಿಸ್ಸೆ ಆಗುವಾಗ, ಹಂಚಿನ ಮನೆ ಕೆಡವಿ ತಾರಸಿ ಕಟ್ಟುವಾಗ ಫೋನ್ ಬರುತ್ತದೆ. "ಅಟ್ಟದ ಮೇಲೆ ಒಂದಷ್ಟು ಪುಸ್ತಕ ಇದ್ದಾವೆ, ಬಂದು ನೋಡ್ತೀರಾ?" ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಇಂಥ ಕರೆ ಬೇಸಿಗೆಯಲ್ಲೇ ಹೆಚ್ಚು. ಮಳೆ ಹಿಡಿದರೆ ಅಟ್ಟದ ಪುಸ್ತಕಕ್ಕೆ ಬೂಷ್ಟು ಬರುತ್ತದೆ, ಇಲ್ಲವೇ ಒರಲೆ ಹತ್ತುತ್ತದೆ. ಅದು ಆ ಮನೆಯವರಿಗೂ ಗೊತ್ತು.

ಹೀಗೆ ಬರುವ ಮೂಟೆಗಳಲ್ಲಿ ಲೈಬ್ರರಿ ಪುಸ್ತಕ ಒಂದೆರಡಾದರೂ ಇದ್ದೇ ಇರುತ್ತವೆ. ಮೊದಮೊದಲು ನಾನು ಅಂಗಡಿಗೆ ತಂದ ಮೇಲೆ ಬಿಚ್ಚಿ ನೋಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಮನೆಯ ಜಗಲಿಯಲ್ಲೇ, ಮನೆಯವರ ಎದುರೇ ಒಂದೊಂದಾಗಿ ತೆಗೆದು ನೋಡುತ್ತೇನೆ. ತೂಕಕ್ಕೆ ಹಾಕಿ ದುಡ್ಡು ಕೊಟ್ಟ ಮೇಲೆ ಆ ಪುಸ್ತಕದ ಬಗ್ಗೆ ಮಾತು ತೆಗೆಯುವುದು ಕಷ್ಟ. ಅಷ್ಟು ಹೊತ್ತಿಗೆ ಅದು ನನ್ನದು ಅನ್ನೋ ಭಾವನೆ ಬಂದುಬಿಟ್ಟಿರುತ್ತದೆ.

ನೋಡುವುದಕ್ಕೆ ಒಂದು ಕ್ರಮ ಇದೆ. ಶೀರ್ಷಿಕೆ ಪುಟ, ಅದರ ಹಿಂಬದಿ, ಕೊನೆಯ ರಟ್ಟಿನ ಒಳಗೆ ಅಂಟಿಸಿದ ತಾರೀಕಿನ ಚೀಟಿ. ಇವಿಷ್ಟನ್ನು ಎಲ್ಲರೂ ನೋಡುತ್ತಾರೆ. ಮಾರಲೆಂದೇ ತಂದವರು ಈ ಪುಟಗಳನ್ನೇ ಹರಿದಿರುತ್ತಾರೆ. ಆದರೆ ಹಳೆಯ ಲೈಬ್ರರಿಗಳಲ್ಲಿ ಗುಟ್ಟಿನ ಪುಟ ಅಂತ ಒಂದು ಇರುತ್ತದೆ. ಪ್ರತಿ ಪುಸ್ತಕದಲ್ಲೂ ಒಂದೇ ನಂಬರಿನ ಒಳಪುಟಕ್ಕೆ ಸೀಲು ಒತ್ತುವ ಪದ್ಧತಿ. ಹಾಗಾಗಿ ಇಡೀ ಪುಸ್ತಕ ತಿರುವಿ ಹಾಕಲೇಬೇಕು. ಸೀಲು ಸಿಕ್ಕರೆ ಮುಂದಿನದು 'ರದ್ದು' ಅಂತ ಎಲ್ಲಾದರೂ ಬರೆದಿದೆಯಾ ಅಂತ. ಲೈಬ್ರರಿಯೇ ಲೆಕ್ಕದಿಂದ ತೆಗೆದು, ಸಹಿ ತಾರೀಕು ಹಾಕಿ ಮಾರಿದ ಪುಸ್ತಕ ಆದರೆ ನಾನು ಧೈರ್ಯವಾಗಿ ಕೊಳ್ಳುತ್ತೇನೆ, ಮಾರುತ್ತೇನೆ. ಅದಿಲ್ಲದಿದ್ದರೆ ಆ ಪುಸ್ತಕ ಪಕ್ಕಕ್ಕೆ. ತೂಕಕ್ಕೂ ಹೋಗುವುದಿಲ್ಲ, ಬೆಲೆ ಪಟ್ಟಿಗೂ ಬರುವುದಿಲ್ಲ.

ವಾಪಸ್ ಕೊಡುವುದು ಸುಲಭ ಅಂದುಕೊಂಡಿದ್ದೆ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಹಳೆಯ ಛಂದಸ್ಸಿನ ಪುಸ್ತಕ ಸಿಕ್ಕಿತು. ಸೀಲು ಇದ್ದ ಲೈಬ್ರರಿಗೆ ಹೋಗಿ ಕೌಂಟರಿನಲ್ಲಿ ಕೊಟ್ಟೆ. ಅಲ್ಲಿದ್ದವರು "ಆಯ್ತು, ಇಟ್ಟು ಹೋಗಿ" ಅಂದರು. ನಾನು ಸಮಾಧಾನದಿಂದ ಮನೆಗೆ ಬಂದೆ. ಮೂರು ತಿಂಗಳ ಮೇಲೆ ಗುಜರಿಯವನ ರದ್ದಿ ಮೂಟೆಯಲ್ಲಿ ಅದೇ ಪುಸ್ತಕ ನನ್ನ ಅಂಗಡಿಗೇ ಬಂತು. ಬೆನ್ನು ಬಿಟ್ಟಿದ್ದ ಬೈಂಡಿಗೆ ನಾನೇ ಕಟ್ಟಿದ್ದ ಬಿಳಿ ನೂಲು ಕೂಡ ಹಾಗೇ ಇತ್ತು.

ಅವತ್ತು ತುಂಬ ಸಿಟ್ಟು ಬಂದಿತ್ತು. ಆಮೇಲೆ ವಿಚಾರಿಸಿದಾಗ ಕಾರಣ ತಿಳಿಯಿತು. ಆ ಪುಸ್ತಕ ಕಳೆದಿದೆ ಅಂತ ಯಾವಾಗಲೋ ಲೆಕ್ಕ ಮುಗಿಸಿದ್ದರು. ರಿಜಿಸ್ಟರಿನಲ್ಲಿ ಅದಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ ಪುಸ್ತಕಕ್ಕೆ ಕಪಾಟಿನಲ್ಲೂ ಜಾಗ ಇಲ್ಲ. ಮೂಲೆಯಲ್ಲಿ ಬಿದ್ದಿದ್ದು ರದ್ದಿ ವಿಲೇವಾರಿ ಆದಾಗ ಜೊತೆಗೇ ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಲೈಬ್ರರಿಯವರಿಗೆ ಒಂದು ಭಯವೂ ಇರುತ್ತದೆ. ಕಳೆದದ್ದು ಸಿಕ್ಕಿತು ಅಂತ ಬರೆದರೆ, ಕಳೆದಾಗ ಯಾರಿದ್ದರು ಅನ್ನುವ ಹಳೇ ಫೈಲು ತೆರೆಯಬೇಕಾಗುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ವರ್ಷಕ್ಕೆ ಐದು ಕಳೆದರೆ ಅದು ಸಹಜ ಅಂತಲೇ ಇದೆ, ಮೋಸ ಅಥವಾ ಅಸಡ್ಡೆಯಿಂದ ಆಗಿರಬಾರದು ಅಷ್ಟೆ. ಆದರೆ ಅಪರೂಪದ ಪುಸ್ತಕ ಕಳೆದರೆ, ಬೆಲೆ ಎಷ್ಟೇ ಇರಲಿ, ವಿಚಾರಣೆ ಆಗಲೇಬೇಕು. ಹಾಗಾಗಿ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ಎಲ್ಲಕ್ಕಿಂತ ಬೆಲೆಬಾಳುವ ಪುಸ್ತಕವೇ. ಅವತ್ತಿನಿಂದ ನಾನು ಕೌಂಟರಿನಲ್ಲಿ ಪುಸ್ತಕ ಇಟ್ಟು ಬರುವುದನ್ನು ಬಿಟ್ಟೆ.

ನಾಲ್ಕು ವರ್ಷದ ಹಿಂದೆ ಹೊಸನಗರದ ಕಡೆ ಒಂದು ಮನೆಗೆ ಹೋಗಿದ್ದೆ. ಮನೆಯ ಹಿರಿಯರು ಮೇಷ್ಟರಾಗಿದ್ದವರು, ತೀರಿಕೊಂಡು ಬಹಳ ವರ್ಷ ಆಗಿತ್ತು. ಈಗ ಮಗ ಬೆಂಗಳೂರಿನಲ್ಲಿ, ಅಮ್ಮನನ್ನೂ ಕರೆದುಕೊಂಡು ಹೋಗುವವರಿದ್ದರು. ನಾಗಂದಿಗೆಯ ಮೇಲಿಂದ ಗೋಣಿಚೀಲ ಇಳಿಸಿದೆವು. ಮೂರನೇ ಚೀಲದ ತಳದಲ್ಲಿ, ಹಳೇ ಪಂಚೆಯಲ್ಲಿ ಸುತ್ತಿದ ಒಂದು ದೊಡ್ಡ ಪುಸ್ತಕ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಎಂಟನೇ ಸಂಪುಟ, 1904. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎರಡು ಸಂಪುಟದಲ್ಲಿ ತಂದರು. 1902ರ ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರದ ಕಡೆಯವು, ತಾಳಗುಂದದ ಕಂಬದ ಶಾಸನವೂ ಅದರಲ್ಲೇ. ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಆಗಿನ ನಗರ ತಾಲ್ಲೂಕು ಅಂದರೆ ಇವತ್ತಿನ ಹೊಸನಗರ. ನಮ್ಮ ಊರುಗಳದ್ದೇ ಪುಸ್ತಕ.

ಶೀರ್ಷಿಕೆ ಪುಟದಲ್ಲಿ ಅಲ್ಲಿಯದೇ ಒಂದು ಶಾಲೆಯ ದುಂಡು ಸೀಲು, ನೇರಳೆ ಬಣ್ಣ ಮಾಸಿತ್ತು. ಕೆಳಗೆ ಶಾಯಿಯಲ್ಲಿ ನಂಬರು. ಪುಟ ತಿರುಗಿಸುತ್ತ ಹೋದೆ. ಅಂಚಿನಲ್ಲಿ ಸಣ್ಣ ಅಕ್ಷರದ ಪೆನ್ಸಿಲ್ ಬರಹ. ಒಂದು ಶಾಸನದ ಪಕ್ಕ "ಕೆರೆ ಏರಿ, ಮಾವಿನ ಮರದ ಬುಡ, ಅರ್ಧ ಹೂತಿದೆ". ಇನ್ನೊಂದರ ಪಕ್ಕ "ಮೇಲಿನ ಎರಡು ಸಾಲು ಸವೆದಿದೆ, ಕೈಯಾಡಿಸಿದರೆ ತಿಳಿಯುತ್ತದೆ. 12-4-61". ಮತ್ತೊಂದು ಕಡೆ ಬರೀ ಇಷ್ಟು: "ಈ ಊರು ನೀರಿಗೆ ಹೋಗುತ್ತದೆ".

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಹಿನ್ನೀರಿನಲ್ಲಿ ಸಾಗರ, ಹೊಸನಗರದ ಎಷ್ಟೋ ಊರು ಮುಳುಗಿದವು. ಆ ಮೇಷ್ಟರು ಅದಕ್ಕೆ ಮುಂಚೆ ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ, ಕಲ್ಲು ಎಲ್ಲಿದೆ, ಹೇಗಿದೆ ಅಂತ ನೋಡಿ ಬರೆದಿದ್ದರು. ಕೆಲವು ಕಲ್ಲುಗಳನ್ನು ಆಮೇಲೆ ಯಾರೂ ನೋಡಿರಲಿಕ್ಕಿಲ್ಲ. ಅದನ್ನು ಓದುತ್ತ ನನಗೆ ಗಂಟಲು ಕಟ್ಟಿತು.

ಮಗನಿಗೆ ಸೀಲು ತೋರಿಸಿದೆ. ಅವರ ಮುಖ ಸಣ್ಣದಾಯಿತು. "ಹಾಗಾದ್ರೆ ಅಪ್ಪಯ್ಯ ಕದ್ದು ತಂದ್ರು ಅಂತಾನಾ?"

"ಇಲ್ಲ ಸಾರ್. ಓದೋಕೆ ತಂದಿದ್ದಾರೆ, ವಾಪಸ್ ಕೊಡೋದು ಉಳಿದಿದೆ ಅಷ್ಟೆ."

ಒಳಗಿಂದ ಅವರ ಅಮ್ಮ ಬಂದು ಪಂಚೆಯನ್ನು ಮುಟ್ಟಿ ನೋಡಿದರು. "ಇದು ಅವರದ್ದೇ. ಶಾಲೆ ಪುಸ್ತಕ, ಕೊಡ್ಬೇಕು ಕೊಡ್ಬೇಕು ಅಂತಾನೇ ಇದ್ರು ಮಾರಾಯ್ರೆ. ಆಮೇಲೆ ಹಾಸಿಗೆ ಹಿಡಿದ್ರು."

ಅದನ್ನು ಕೇಳಿದ ಮೇಲೆ ಕೊಡುವುದೋ ಬೇಡವೋ ಅನ್ನುವ ಪ್ರಶ್ನೆ ಉಳಿಯಲಿಲ್ಲ. ಆದರೆ ಮಗನಿಗೆ ಅಪ್ಪನ ಕೈಬರಹ ಬೇಕಿತ್ತು. ಬೇಕು ಅನ್ನಿಸುವುದು ನ್ಯಾಯವೇ ಅಲ್ವಾ? ಪೆನ್ಸಿಲ್ ಬರಹ ಇದ್ದ ಪುಟಗಳನ್ನೆಲ್ಲ ಜಗಲಿಯ ಬೆಳಕಿನಲ್ಲಿ ಫೋಟೋ ತೆಗೆದು ಅವರಿಗೆ ಕೊಟ್ಟೆ. ಶಾಲೆಗೆ ಬರೆಯುವ ಪತ್ರದಲ್ಲಿ ಮನೆಯ ಹೆಸರು ಬೇಡ ಅಂದರು, ಒಪ್ಪಿಕೊಂಡೆ. "ಹಳೆಯ ಪುಸ್ತಕಗಳ ನಡುವೆ ನನಗೆ ಸಿಕ್ಕಿತು, ನಿಮ್ಮ ಶಾಲೆಯ ಸೀಲು ಇದೆ" ಅಂತ ಬರೆದೆ. ಅದರಲ್ಲಿ ಸುಳ್ಳಿಲ್ಲ. ಯಾರ ಮನೆಯಲ್ಲಿ ಸಿಕ್ಕಿತು ಅನ್ನುವುದನ್ನು ನಾನು ಯಾವತ್ತೂ ಹೇಳುವುದಿಲ್ಲ. ಹೇಳಲು ಶುರು ಮಾಡಿದರೆ ಜನ ನನ್ನನ್ನು ಕರೆಯುವ ಬದಲು ಪುಸ್ತಕವನ್ನೇ ಒಲೆಗೆ ಹಾಕುತ್ತಾರೆ.

ಈ ಪುಸ್ತಕದ ಸ್ಕ್ಯಾನ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಇಷ್ಟು ಕಷ್ಟ ಯಾಕೆ ಅಂತ ಒಬ್ಬ ಗಿರಾಕಿ ಕೇಳಿದರು. ಅವರೇ ಒಳ್ಳೆಯ ಬೆಲೆಗೂ ಕೇಳಿದರು. ಅಚ್ಚಾದ ಶಾಸನ ಸ್ಕ್ಯಾನಿನಲ್ಲಿ ಸಿಗುತ್ತದೆ, ನಿಜ. ಮಾವಿನ ಮರದ ಬುಡ ಸಿಗುವುದಿಲ್ಲ.

ಶಾಲೆಗೆ ಹೋಗುವ ಮುಂಚೆ ಎರಡು ರಾತ್ರಿ ಯೋಚನೆ ಮಾಡಿದೆ. ಆ ಶಾಲೆಯ ಮಾಡು ಸೋರುತ್ತದೆ ಅಂತ ಕೇಳಿದ್ದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳನ್ನೇ ಕಾಪಾಡುತ್ತಿದ್ದಾರೆ, ಸುಮ್ನೆ ಅಲ್ಲಿಗೇ ಕೊಟ್ಟರೆ ಪುಸ್ತಕ ಉಳಿಯುತ್ತದಲ್ಲ ಅನ್ನಿಸಿತು. ಈ ಯೋಚನೆಯಲ್ಲಿ ದುಡ್ಡಿನ ಆಸೆ ಇಲ್ಲ, ಆದ್ದರಿಂದಲೇ ಇದು ಸರಿ ಅನ್ನಿಸಿಬಿಡುತ್ತದೆ. ಆದರೆ ಒಬ್ಬರ ಹಸು ನಮ್ಮ ತೋಟಕ್ಕೆ ಬಂದರೆ, ಅವರ ಕೊಟ್ಟಿಗೆ ಚೆನ್ನಾಗಿಲ್ಲ ಅಂತ ಬೇರೆಯವರಿಗೆ ಹೊಡೆದುಕೊಂಡು ಹೋಗುತ್ತೇವಾ? ಎಲ್ಲಿಡಬೇಕು ಅಂತ ತೀರ್ಮಾನಿಸುವವರು ಅವರು. ನಾನು ಹೇಳಬಹುದು, ಅಷ್ಟೇ.

ಮುಖ್ಯ ಶಿಕ್ಷಕಿ ಆ ಶಾಲೆಗೆ ಬಂದು ಒಂದೇ ವರ್ಷ ಆಗಿತ್ತು. ಮೊದಲು ಗಾಬರಿಯಾದರು. "ಇದರ ದಂಡ ಯಾರು ಕಟ್ಟೋದು ಸಾರ್?" ದಂಡ ಏನಿಲ್ಲ, ನಂಬರು ಸೇರಿಸಿಕೊಳ್ಳಿ ಸಾಕು ಅಂದೆ. ಹಳೇ ರಿಜಿಸ್ಟರ್ ಸಿಗಲು ಒಂದು ಗಂಟೆ ಹಿಡಿಯಿತು. ಕಬ್ಬಿಣದ ಬೀರುವಿನ ಮೇಲೆ, ಭೂಪಟಗಳ ಸುರುಳಿಯ ಹಿಂದೆ ಇತ್ತು. ನಂಬರು, ಹೆಸರು, ವರ್ಷ ಎಲ್ಲ ಸರಿಯಾಗಿತ್ತು. ಕೊನೆಯ ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ "ಇಲ್ಲ" ಅಂತ ಬರೆದಿತ್ತು. ಅವರು ಅದರ ಪಕ್ಕ "ವಾಪಸ್ ಬಂದಿದೆ" ಅಂತ ಬರೆದು, ತಾರೀಕು ಹಾಕಿ, ಸಹಿ ಮಾಡಿದರು. ನನ್ನ ಪತ್ರದ ಪ್ರತಿಯ ಮೇಲೂ ಸೀಲು ಒತ್ತಿಕೊಟ್ಟರು.

ಕೆಳದಿಯ ವಿಷಯ ಹೇಳಿದೆ. "ಮೊದಲು ನಮ್ಮ ಮಕ್ಕಳು ನೋಡ್ಲಿ, ಆಮೇಲೆ ಎಸ್‌ಡಿಎಂಸಿಯಲ್ಲಿ ಕೇಳೋಣ" ಅಂದರು. ಅದು ಶಾಲೆಯ ಉಸ್ತುವಾರಿ ಸಮಿತಿ. ಸೋರದ ಕೋಣೆಯ ಬೀರು ಖಾಲಿ ಮಾಡಿಸಿದರು. ಬಜೆ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಪುಸ್ತಕದ ಹತ್ತಿರ ಇಡಲು ಕೊಟ್ಟೆ. ಹಳೇ ತಾಳೆಗರಿ, ಕಡತಗಳಿಗೆ ನಮ್ಮ ಕಡೆ ಇಡುತ್ತಿದ್ದದ್ದು ಅದನ್ನೇ. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ, ಬಿಸಿಲಿಗೆ ಇಡಬೇಡಿ ಅಂತಲೂ ಹೇಳಿದೆ. ಆ ಕಾಲದ ಕಾಗದ ಬಿಸಿಲಿಗೆ ಹಪ್ಪಳದ ಹಾಗೆ ಮುರಿಯುತ್ತದೆ.

ಕಾನೂನಿನ ಮಾತೂ ಹೇಳಬೇಕು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ಕೈಬರಹದ ಪ್ರತಿ 75 ವರ್ಷಕ್ಕಿಂತ ಹಳೆಯದಾಗಿ, ಚರಿತ್ರೆಯ ದೃಷ್ಟಿಯಿಂದಲೋ ಸಾಹಿತ್ಯದ ದೃಷ್ಟಿಯಿಂದಲೋ ಬೆಲೆಯುಳ್ಳದ್ದಾದರೆ 1972ರ ಪ್ರಾಚ್ಯವಸ್ತು ಕಾಯಿದೆ ಕೆಳಗೆ ಬರುತ್ತದೆ, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಈ ವ್ಯಾಪಾರಕ್ಕೆ ಬರುವ ಹುಡುಗರು ಇಷ್ಟನ್ನಾದರೂ ತಿಳಿದಿರಬೇಕು.

ಈಗ ನನ್ನ ಬೀರುವಿನಲ್ಲಿ ಒಂದು ಕಿಟ್ಟೆಲ್ ನಿಘಂಟು ಇದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಮೊದಲ ಮುದ್ರಣ. ಒಳಗೆ ಒಂದು ವಾಚನಾಲಯದ ಸೀಲು. ಆ ವಾಚನಾಲಯ ಮುಚ್ಚಿ ಹೋಗಿದೆ, ಅದರ ಕಟ್ಟಡದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅದನ್ನು ನಡೆಸಿದ ಸಂಘದ ಹಳೆಯ ಸದಸ್ಯರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದೇನೆ. ಇಬ್ಬರು ಸಿಕ್ಕಿದ್ದಾರೆ. ಒಬ್ಬರು ನೀವೇ ಇಟ್ಟುಕೊಳ್ಳಿ ಅಂದರು, ಇನ್ನೊಬ್ಬರು ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ ಅಂದರು. ಮೂರನೆಯವರು ಆನಂದಪುರದ ಹತ್ತಿರ ಇದ್ದಾರಂತೆ. ಬರುವ ಭಾನುವಾರ ಅಲ್ಲಿಗೆ ಹೊರಟಿದ್ದೇನೆ.