ಮುನ್ನೂರು ಮೊಳದ ಒಂದು ವಾರ: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಸತ್ಯವೇದದ ಪಾಠ

ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಮನೆಯಲ್ಲೇ ಓದುಬರಹ ಕಲಿಸುವ ತಂದೆತಾಯಂದಿರು, ನಂಬಿಕೆಯ ಪಾಠಗಳನ್ನೂ ಅದರೊಂದಿಗೆ ಸೇರಿಸಿಕೊಳ್ಳಲು ಹೊರಟಾಗ, ದಿನಕ್ಕೊಂದು ಕಥೆಯಂತೆ ಇಡೀ ವಾರವನ್ನು ತುಂಬಿಬಿಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಮೊದಲ ವಾರ ಸೋಮವಾರ ಆದಾಮ, ಮಂಗಳವಾರ ನೋಹ, ಬುಧವಾರ ಅಬ್ರಹಾಮ, ಗುರುವಾರ ಮೋಶೆ, ಶುಕ್ರವಾರ ಯೋನ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಶನಿವಾರ ಹಿರಿಯ ಮಗನನ್ನು ಕೇಳಿದರೆ ಅವನು ಯೋನನ ಬದಲು ಮೋಶೆಯನ್ನೇ ಮೀನಿನ ಹೊಟ್ಟೆಗೆ ಸೇರಿಸಿದ್ದ. ತಪ್ಪು ಅವನದಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ವಾರಕ್ಕೆ ಒಂದೇ ಕಥೆ. ಆ ವಾರದ ಓದು, ಲೆಕ್ಕ, ಪ್ರಯೋಗ, ಚಿತ್ರ ಎಲ್ಲವೂ ಆದಷ್ಟು ಮಟ್ಟಿಗೆ ಅದೇ ಕಥೆಯ ಸುತ್ತ ನಡೆಯುತ್ತವೆ. ಆದಷ್ಟು ಮಟ್ಟಿಗೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹಲ್ಲುಜ್ಜಿಸುವುದಕ್ಕೂ ನೋಹನನ್ನು ಕರೆತರಬೇಕಾದ ಅಗತ್ಯವಿಲ್ಲ.

ಮಾದರಿಗಾಗಿ ಇಲ್ಲಿ ನೋಹನ ನಾವೆಯ ವಾರವನ್ನು ವಿವರಿಸುತ್ತೇನೆ. ಇದು ಸತ್ಯವೇದದ (ಬೈಬಲಿನ) ಮೊದಲ ಪುಸ್ತಕವಾದ ಆದಿಕಾಂಡದ 6ರಿಂದ 9ನೆಯ ಅಧ್ಯಾಯದವರೆಗಿನ ಕಥೆ: ದೇವರ ಅಪ್ಪಣೆಯಂತೆ ನೋಹ ನಾವೆ ಕಟ್ಟಿ, ತನ್ನ ಮನೆಯವರನ್ನೂ ಪ್ರಾಣಿಗಳನ್ನೂ ಪ್ರಳಯದಿಂದ ಉಳಿಸಿಕೊಂಡದ್ದು. ಇದರಲ್ಲಿ ಅಳತೆ ಇದೆ, ಎಣಿಕೆ ಇದೆ, ನೀರಿದೆ, ಪ್ರಾಣಿಗಳಿವೆ, ಕಾಯುವಿಕೆ ಇದೆ, ಜೊತೆಗೆ ಉತ್ತರಿಸಲು ಕಷ್ಟವಾದ ಒಂದು ಪ್ರಶ್ನೆಯೂ ಇದೆ. ನಿಮ್ಮ ನಂಬಿಕೆ ಬೇರೆಯಾಗಿದ್ದರೆ ನಿಮ್ಮ ಗ್ರಂಥದ ಕಥೆಯನ್ನೇ ಆರಿಸಿಕೊಳ್ಳಿ. ವಾರವನ್ನು ಹೊಂದಿಸುವ ಕ್ರಮ ಬದಲಾಗುವುದಿಲ್ಲ.

ಕಾನೂನಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಲು ಕೆಲವು ದೇಶಗಳಲ್ಲಿ ನೋಂದಣಿ ಬೇಕು, ಕೆಲವೆಡೆ ವರ್ಷಕ್ಕೊಮ್ಮೆ ಪರಿಶೀಲನೆ ಇರುತ್ತದೆ, ಕೆಲವೆಡೆ ಅದಕ್ಕೆ ಅವಕಾಶವೇ ಇಲ್ಲ. ನೀವಿರುವಲ್ಲಿನ ನಿಯಮವನ್ನು ತಿಳಿದುಕೊಳ್ಳಿ, ಮತ್ತು ದಿನಾಂಕ ಹಾಕಿ ಏನು ಕಲಿಸಿದಿರೆಂದು ಎರಡು ಸಾಲು ಬರೆದಿಡುವ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ವೇಳಾಪಟ್ಟಿಗೆ ನಾನು ಸತ್ಯವೇದದ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡದ 6:7ನ್ನು ಆಧಾರವಾಗಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಕಲಿಸಬೇಕೆಂದು ಅಲ್ಲಿ ಹೇಳಿದೆ. ಇದನ್ನು ಅಕ್ಷರಶಃ ದಿನಚರಿಯಾಗಿ ಮಾಡಿಕೊಂಡರೆ ಮೇಜಿನ ಮುಂದೆ ಕೂರಿಸುವ ಹೊತ್ತು ತಾನಾಗಿ ಕಡಿಮೆಯಾಗುತ್ತದೆ. ಎದ್ದ ಕೂಡಲೇ ಒಂದು ಚಿಕ್ಕ ಪ್ರಾರ್ಥನೆ ಮತ್ತು ಬಾಯಿಪಾಠದ ವಾಕ್ಯ. ಕೂತು ಕಲಿಯುವ ಪಾಠ ಹದಿನೈದು ನಿಮಿಷಗಳಂತೆ ಎರಡು ಸಲ. ನಡೆದಾಡುವಾಗ ಒಂದು ಗಮನಿಸುವ ಕೆಲಸ. ಮಲಗುವಾಗ ಕಥೆಯ ಒಂದು ತುಣುಕು. ನಾಲ್ಕು ವರ್ಷದ ಮಗುವಿಗೆ ಕೂತು ಕಲಿಯುವ ಪಾಠ ಒಂದೇ ಸಾಕು, ಅದೂ ಹತ್ತು ನಿಮಿಷ. ಮಗು ಕುರ್ಚಿಯಲ್ಲಿ ಜಾರತೊಡಗಿತೆಂದರೆ ಪಾಠ ಮುಗಿಯಿತೆಂದೇ ತಿಳಿಯಿರಿ.

ವಾರಕ್ಕೆ ಮೊದಲಿನ ಶನಿವಾರ ರಾತ್ರಿ, ಮಕ್ಕಳು ಮಲಗಿದ ಮೇಲೆ, ನಾಲ್ಕೂ ಅಧ್ಯಾಯಗಳನ್ನು ನೀವೊಬ್ಬರೇ ನಿಧಾನವಾಗಿ ಓದಿಕೊಳ್ಳಿ. ಚಿತ್ರಪುಸ್ತಕಗಳಿಂದ ನಮ್ಮ ತಲೆಯಲ್ಲಿ ಕೂತಿರುವ ಎಷ್ಟೋ ಸಂಗತಿಗಳು ಮೂಲದಲ್ಲಿ ಇಲ್ಲವೆಂಬುದು ಆಗ ಗೊತ್ತಾಗುತ್ತದೆ. ನೆರೆಹೊರೆಯವರು ನೋಹನನ್ನು ಗೇಲಿ ಮಾಡಿದರೆಂಬ ಮಾತು ಆದಿಕಾಂಡದಲ್ಲಿ ಎಲ್ಲಿಯೂ ಬರುವುದಿಲ್ಲ. ಪ್ರಾಣಿಗಳೆಲ್ಲ ಬರೀ ಎರಡೆರಡಲ್ಲ. ಶುದ್ಧವೆಂದು ಎಣಿಸಿದ ಪಶುಗಳಲ್ಲಿ ಏಳೇಳು, ಅಶುದ್ಧ ಪಶುಗಳಲ್ಲಿ ಎರಡೆರಡು. ನೀರು ಇಳಿದಿದೆಯೇ ಎಂದು ತಿಳಿಯಲು ನೋಹ ಕಾಗೆಯ ನಂತರ ಹಾರಿಬಿಟ್ಟ ಪಾರಿವಾಳ ತಂದದ್ದು ಕೊಂಬೆಯಲ್ಲ, ಎಣ್ಣೆಮರದ ಒಂದು ಹಸಿ ಎಲೆ. ಇನ್ನೂ ವಿಶೇಷವೆಂದರೆ, ಪ್ರಳಯ ಮುಗಿದು ನಾವೆಯಿಂದ ಇಳಿಯುವವರೆಗೂ ನೋಹ ಒಂದು ಮಾತನ್ನೂ ಆಡುವುದಿಲ್ಲ. ಕಥೆ ಹೇಳುವಾಗ ಇವನ್ನು ಹಾಗೆಯೇ ಹೇಳಿ. ಮಕ್ಕಳು ದೊಡ್ಡವರಾಗಿ ತಾವೇ ಓದಿಕೊಳ್ಳುವ ದಿನ ನಿಮ್ಮ ಮಾತಿಗೂ ಗ್ರಂಥಕ್ಕೂ ಅಂತರ ಕಾಣಬಾರದು.

ಸೋಮವಾರ ಪುಸ್ತಕ ಮುಚ್ಚಿಟ್ಟು ಬಾಯಲ್ಲೇ ಕಥೆ ಹೇಳಿ. ಎಂಟು ನಿಮಿಷಕ್ಕಿಂತ ಹೆಚ್ಚು ಬೇಡ. ನಂತರ ಮಗುವಿಗೆ ಪ್ರಶ್ನೆ ಕೇಳದೆ, "ಈಗ ನೀನು ನನಗೆ ಹೇಳು" ಎನ್ನಿ. ಬ್ರಿಟನ್ನಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಮನೆಪಾಠಕ್ಕೆ ಬಿಟ್ಟುಹೋದ ಅತ್ಯಂತ ಉಪಯುಕ್ತ ರೂಢಿ ಇದು: ಒಮ್ಮೆ ಕೇಳಿದ್ದನ್ನು ಮಗು ತನ್ನದೇ ಮಾತಿನಲ್ಲಿ ಮರಳಿ ಹೇಳುವುದು. ನಡುವೆ ತಿದ್ದಲು ಹೋಗಬೇಡಿ. ಕಾಗೆಗೆ ಮೊದಲು ಪಾರಿವಾಳ ಹಾರಿದರೂ ಆ ಕ್ಷಣಕ್ಕೆ ಹಾರಲಿ. ಮಗು ಬಿಟ್ಟದ್ದೇನು, ಹಿಗ್ಗಿಸಿದ್ದೇನು ಎಂಬುದನ್ನು ಗುರುತು ಹಾಕಿಕೊಂಡರೆ ಮುಂದಿನ ದಿನಗಳಲ್ಲಿ ಎಲ್ಲಿ ನಿಲ್ಲಬೇಕೆಂಬುದು ನಿಮಗೇ ತಿಳಿಯುತ್ತದೆ. ನನ್ನ ಮಕ್ಕಳಿಬ್ಬರೂ ಹಿಗ್ಗಿಸಿ ಹೇಳಿದ್ದು ಒಂದೇ ಸಂಗತಿಯನ್ನು: ನಾವೆಯ ಬಾಗಿಲನ್ನು ಮುಚ್ಚಿದ್ದು ನೋಹನಲ್ಲ, ಕರ್ತನಾದ ದೇವರು.

ವಾರದ ತಿರುಳು ಇರುವುದು ಮಂಗಳವಾರದಲ್ಲಿ. ನಾವೆಯ ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ. ಈ ಸಾಲನ್ನು ನಾನು ಗಂಭೀರವಾಗಿ ಓದಿ ಹೇಳಿದ ಅರ್ಧ ಗಂಟೆಯ ಮೇಲೆ ನೋಡಿದರೆ, ಕಿರಿಯವಳು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಉದ್ದ ಕಿವಿಗಳ ಸಾಲನ್ನೇ ಬಿಡಿಸುತ್ತಾ ಕೂತಿದ್ದಳು. ಅವಳ ಕಿವಿಗೆ ಬಿದ್ದದ್ದು ಮುನ್ನೂರು ಮೊಲ. ಹನ್ನೊಂದನೆಯ ಮೊಲಕ್ಕೆ ಜಾಗ ಸಾಲದೆ ಅದನ್ನು ನಾವೆಯ ಸೂರಿನ ಮೇಲೆ ಹತ್ತಿಸಿದ್ದಳು. ಆ ದಿನದ ಅಕ್ಷರಪಾಠವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಯೋಜಿಸಲಾರರು: ಮೊಳ–ಮೊಲ, ಮಳೆ–ಮಲೆ, ಎಳೆ–ಎಲೆ. ಲಕಾರಕ್ಕೆ ನಾಲಿಗೆ ಹಲ್ಲಿನ ಹಿಂದೆ ತಾಗುವುದನ್ನೂ, ಳಕಾರಕ್ಕೆ ಮೇಲಕ್ಕೆ ಮಡಚಿಕೊಳ್ಳುವುದನ್ನೂ ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿ. ಓದಲು ಬರುವ ಮಗುವಿಗೆ ಆರು ಚೀಟಿಗಳಲ್ಲಿ ಈ ಪದಗಳನ್ನು ಬರೆದುಕೊಟ್ಟು, ಕಥೆಯಲ್ಲಿ ಬರುವುದು ಯಾವುದು, ಬಾರದಿರುವುದು ಯಾವುದು ಎಂದು ಬೇರ್ಪಡಿಸಲು ಹೇಳಿ.

ಇನ್ನು ಅಳತೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ಮೊದಲು ಮಗು ತನ್ನ ಮೊಳದಿಂದ ಮೇಜನ್ನು ಅಳೆಯಲಿ, ಅನಂತರ ನೀವು ಅಳೆಯಿರಿ. ಇಬ್ಬರಿಗೂ ಬೇರೆಬೇರೆ ಸಂಖ್ಯೆ ಬರುತ್ತದೆ. ಮೇಜು ಒಂದೇ ಆಗಿದ್ದರೂ ಲೆಕ್ಕ ಎರಡಾದದ್ದು ಹೇಗೆ ಎಂದು ಕೇಳಿ ಸುಮ್ಮನಿರಿ. ಉತ್ತರ ಬರುವುದಕ್ಕೆ ಐದು ನಿಮಿಷ ಹಿಡಿದರೂ ಚಿಂತೆಯಿಲ್ಲ. ಆಮೇಲೆ 45 ಸೆಂಟಿಮೀಟರ್ ಉದ್ದದ ದಾರವೊಂದನ್ನು ಕತ್ತರಿಸಿ, ಮನೆಯವರೆಲ್ಲರೂ ಬಳಸುವ ಮೊಳ ಇದೇ ಎಂದು ತೀರ್ಮಾನಿಸಿಕೊಳ್ಳಿ. ಆ ಲೆಕ್ಕದಲ್ಲಿ ನಾವೆಯ ಉದ್ದ 135 ಮೀಟರ್, ಅಗಲ 22.5 ಮೀಟರ್, ಎತ್ತರ 13.5 ಮೀಟರ್, ಅಂದರೆ ಸುಮಾರು ನಾಲ್ಕಂತಸ್ತಿನ ಕಟ್ಟಡದಷ್ಟು. ಸಂಜೆ ನಡೆದಾಡಲು ಹೋದಾಗ ನೇರವಾದ, ವಾಹನವಿಲ್ಲದ ಜಾಗದಲ್ಲಿ ಚೀಲವೊಂದನ್ನು ನೆಲದ ಮೇಲಿಟ್ಟು, ದೊಡ್ಡವರ ಹೆಜ್ಜೆಯಲ್ಲಿ ಸುಮಾರು 190 ಹೆಜ್ಜೆ ನಡೆದು ಹಿಂತಿರುಗಿ ನೋಡಿ. ಚೀಲ ಚುಕ್ಕೆಯಾಗಿರುತ್ತದೆ. ಮರದಲ್ಲಿ ಇಷ್ಟುದ್ದದ ನಾವೆ ಕಟ್ಟುವುದೆಂದರೆ ಎಷ್ಟು ಕೆಲಸವೆಂಬುದನ್ನು ಆಗ ವಿವರಿಸಿ ಹೇಳಬೇಕಾಗಿಲ್ಲ.

ಏಳು ವರ್ಷದ ಮಗುವಿಗೆ ಮಾದರಿಯನ್ನೂ ಮಾಡಿಸಬಹುದು. ಹತ್ತು ಮೊಳಕ್ಕೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಉದ್ದ ಸರಿಯಾಗಿ ಒಂದು ಸ್ಕೇಲಿನಷ್ಟು, ಅಂದರೆ 30 ಸೆಂಟಿಮೀಟರ್; ಅಗಲ 5, ಎತ್ತರ 3. ನಾವೆಗೆ ಮೂರು ಅಂತಸ್ತುಗಳಿದ್ದುದರಿಂದ ಒಂದೊಂದಕ್ಕೆ ಒಂದೊಂದು ಸೆಂಟಿಮೀಟರ್ ಬರುತ್ತದೆ. ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದಾಗ ಚಿತ್ರಪುಸ್ತಕದ ಗುಂಡಗಿನ ದೋಣಿಯ ಬದಲು ಉದ್ದನೆಯ ಪೆಟ್ಟಿಗೆಯೊಂದು ಎದುರಿಗಿರುತ್ತದೆ.

ಬುಧವಾರಕ್ಕೆ ನೀರಿನ ಪ್ರಯೋಗ ಸಾಕು. ನಾವೆಗೆ ಒಳಗೂ ಹೊರಗೂ ರಾಳ ಬಳಿಯಬೇಕೆಂಬ ಅಪ್ಪಣೆ ಕಥೆಯಲ್ಲಿದೆಯಲ್ಲ, ಅದಕ್ಕೆ ಎರಡು ಹಾಳೆ ತೆಗೆದುಕೊಂಡು, ಒಂದರ ಎರಡೂ ಬದಿಗೆ ಮೇಣದಬತ್ತಿಯನ್ನು ಒತ್ತಿ ಉಜ್ಜಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡರಿಂದಲೂ ದೋಣಿ ಮಡಚಿ ನೀರಿನ ಟಬ್ಬಿನಲ್ಲಿ ತೇಲಿಬಿಡಿ. ಬರೀ ಕಾಗದದ್ದು ನೆನೆದು ಮೆತ್ತಗಾಗುತ್ತಾ ಹೋಗುತ್ತದೆ. ಮೇಣದ್ದು ಬಹಳ ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೂ ಉತ್ಸಾಹ ಉಳಿದಿದ್ದರೆ ಕ್ಲೇ ಉಂಡೆಯನ್ನು ನೀರಿಗೆ ಹಾಕಿ ಮುಳುಗಿಸಿ, ಅದೇ ಕ್ಲೇಯನ್ನು ತಟ್ಟಿ ಬಟ್ಟಲಿನ ಆಕಾರ ಕೊಟ್ಟು ತೇಲಿಸಿ. ತೂಕ ಬದಲಾಗಲಿಲ್ಲ, ಆಕಾರ ಅಗಲವಾದ್ದರಿಂದ ಅದು ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಿತು, ಸರಿಸಿದ ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ಒತ್ತಿತು. ಚಿಕ್ಕ ಮಕ್ಕಳನ್ನು ನೀರಿನ ಟಬ್ಬಿನ ಬಳಿ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಆ ಕಷ್ಟದ ಪ್ರಶ್ನೆಗೆ ನಾನು ಗುರುವಾರವನ್ನು ಮೀಸಲಿಟ್ಟಿದ್ದೆ, ಅದು ಬಂದದ್ದು ಬುಧವಾರ ರಾತ್ರಿ, ದೀಪ ಆರಿಸಿದ ಮೇಲೆ. "ನಾವೆಯೊಳಗೆ ಬರದ ಮಕ್ಕಳೆಲ್ಲ ಏನಾದರು?" ಇಂಥ ಹೊತ್ತಿನಲ್ಲಿ ಎರಡು ದಾರಿಗಳನ್ನು ಖಂಡಿತ ಹಿಡಿಯಬಾರದು. ಒಂದು, ಅವರಿಗೇನೂ ಆಗಲಿಲ್ಲವೆಂದು ಸುಳ್ಳು ಹೇಳುವುದು. ಇನ್ನೊಂದು, ಮಾತು ಕೇಳದಿದ್ದರೆ ನಿನಗೂ ಹಾಗೆಯೇ ಎಂದು ಹೆದರಿಸುವುದು. ನಂಬಿಕೆಯ ಪಾಠವನ್ನು ಶಿಸ್ತಿನ ಬೆತ್ತವಾಗಿ ಒಮ್ಮೆ ಬಳಸಿದರೂ ಮಗು ಮತ್ತೆ ಆ ಕಥೆಯ ಹತ್ತಿರ ನೆಮ್ಮದಿಯಿಂದ ಬರುವುದಿಲ್ಲ. ಗ್ರಂಥದಲ್ಲಿ ಇರುವಷ್ಟನ್ನು ಹೇಳಿ: ಭೂಮಿಯೆಲ್ಲ ಹಿಂಸೆಯಿಂದ ತುಂಬಿಹೋಗಿತ್ತು, ಅದನ್ನು ಕಂಡು ದೇವರು ತನ್ನ ಹೃದಯದಲ್ಲಿ ನೊಂದುಕೊಂಡನು, ಅವರು ಸತ್ತರು, ಇನ್ನು ಮುಂದೆ ಪ್ರಳಯದಿಂದ ಭೂಮಿಯನ್ನು ಹಾಳುಮಾಡುವುದಿಲ್ಲವೆಂದು ದೇವರು ಮಾತು ಕೊಟ್ಟನು. ನಿಮಗೆ ಅರ್ಥವಾಗದ ಭಾಗವಿದ್ದರೆ "ಇದು ನನಗೂ ಪೂರ್ತಿ ಅರ್ಥವಾಗಿಲ್ಲ" ಎಂದು ಒಪ್ಪಿಕೊಳ್ಳುವುದರಿಂದ ನಿಮ್ಮ ಗೌರವವೇನೂ ಕುಂದುವುದಿಲ್ಲ. ನಾನು ಅಷ್ಟು ಹೇಳಿ ಕೈ ಹಿಡಿದುಕೊಂಡು ಕೂತೆ, ಸ್ವಲ್ಪ ಹೊತ್ತಿನ ಮೇಲೆ ಮಗ, "ದೇವರಿಗೂ ಅಳು ಬಂತಾ?" ಎಂದು ಕೇಳಿ ನಿದ್ದೆಹೋದ. ತೀರಾ ಹೆದರುವ ಸ್ವಭಾವದ ಮಗುವಾಗಿದ್ದರೆ ಈ ಕಥೆಯನ್ನು ಆರು ವರ್ಷದವರೆಗೆ ಮುಂದೂಡಿ, ಯೇಸು ಹೇಳಿದ ಕಳೆದುಹೋದ ಕುರಿಯ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಎತ್ತಿಕೊಳ್ಳುವುದೇ ಮೇಲು; ನೂರು ಕುರಿಗಳಲ್ಲಿ ಒಂದು ಕಳೆದರೆ ಉಳಿದದ್ದು ತೊಂಬತ್ತೊಂಬತ್ತು ಎಂಬ ಲೆಕ್ಕವೂ ಅದರಲ್ಲಿದೆ.

ಹೀಗಾಗಿ ಗುರುವಾರ ಭಾರವಾದದ್ದೇನೂ ಬೇಡ. ನಲವತ್ತು ಹಗಲು ನಲವತ್ತು ರಾತ್ರಿ ಸುರಿದ ಮಳೆಗೆ ನಲವತ್ತು ಹನಿಗಳನ್ನು ಹತ್ತರಂತೆ ನಾಲ್ಕು ಸಾಲಿನಲ್ಲಿ ಬಿಡಿಸಲಿ. ಚಿಕ್ಕದು ಹತ್ತಕ್ಕೇ ನಿಲ್ಲಿಸಿದರೆ ಅಲ್ಲಿಗೇ ಬಿಡಿ.

ಬಾಯಿಪಾಠಕ್ಕೆ ಆದಿಕಾಂಡ 8:22ನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಅದರಲ್ಲಿ ಬಿತ್ತನೆ–ಕೊಯ್ಲು, ಚಳಿ–ಸೆಕೆ, ಹಗಲು–ರಾತ್ರಿ ಎಂಬ ಜೋಡಿಗಳು ಬರುತ್ತವೆ. ಪ್ರತಿ ಜೋಡಿಗೆ ಒಂದು ಕೈಸನ್ನೆ ಕಟ್ಟಿಕೊಳ್ಳಿ. ಸೋಮವಾರ ಒಂದು ಜೋಡಿ, ಮರುದಿನ ಎರಡು, ಹೀಗೆ ಬೆಳೆಸುತ್ತಾ ಹೋದರೆ ಶುಕ್ರವಾರದ ಹೊತ್ತಿಗೆ ಪೂರ್ತಿ ವಾಕ್ಯ ನಾಲಿಗೆಯ ಮೇಲಿರುತ್ತದೆ. ನಿಮ್ಮ ಕ್ರೈಸ್ತ ಸಭೆಯಲ್ಲಿ ಬಳಸುವ ಭಾಷಾಂತರವನ್ನೇ ಕಲಿಸಿ, ಇಲ್ಲವಾದರೆ ಸಂಡೇ ಸ್ಕೂಲಿನಲ್ಲಿ ಮಗು ತಡವರಿಸುತ್ತದೆ.

ಶುಕ್ರವಾರ ನಾಟಕ. ನೋಹನಿಗೆ ಮಾತಿಲ್ಲದಿರುವುದರಿಂದ ಮನೆಯ ಅತ್ಯಂತ ನಾಚಿಕೆಯ ಮಗುವಿಗೆ ಆ ಪಾತ್ರ ಹೇಳಿಮಾಡಿಸಿದಂತಿರುತ್ತದೆ. ಕಾಗೆಯಾಗಿ ಒಬ್ಬರು ಕೋಣೆಯಲ್ಲಿ ಅತ್ತಿತ್ತ ಹಾರುತ್ತಲೇ ಇರಲಿ. ಪಾರಿವಾಳ ಮೊದಲ ಸಲ ಕಾಲೂರಲು ಜಾಗ ಸಿಗದೆ ಮರಳುತ್ತದೆ, ಏಳು ದಿನ ಬಿಟ್ಟು ಎಲೆಯೊಂದಿಗೆ ಮರಳುತ್ತದೆ, ಮತ್ತೆ ಏಳು ದಿನ ಬಿಟ್ಟು ಹೋದದ್ದು ಮರಳುವುದೇ ಇಲ್ಲ. ಈ ನಡುವಿನ ಏಳು ದಿನಗಳನ್ನು ಅವಸರದಲ್ಲಿ ದಾಟಿಸದೆ, ಕ್ಯಾಲೆಂಡರಿನಲ್ಲಿ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಎಣಿಸಿ. ಮಕ್ಕಳಿಗೆ ಕಾಯುವುದು ಎಷ್ಟು ಕಷ್ಟವೋ ನೋಹನಿಗೂ ಅಷ್ಟೇ ಕಷ್ಟವಾಗಿತ್ತೇನೋ ಎಂದು ನನ್ನ ಮಗಳು ಹೇಳಿದ್ದು ಆ ಎಣಿಕೆಯ ನಡುವೆಯೇ.

ಶನಿವಾರ ಕಾಮನಬಿಲ್ಲು. ಅದಕ್ಕಾಗಿ ಮಳೆ ಕಾಯಬೇಕಾಗಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಪೈಪಿನ ನೀರನ್ನು ಬೆರಳಿನಿಂದ ಒತ್ತಿ ತುಂತುರಾಗಿ ಚಿಮ್ಮಿಸಿದರೆ ಬಣ್ಣಗಳು ಕಾಣುತ್ತವೆ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಆಕಾಶದ ಬಿಲ್ಲು ಕಾಣುವುದಿಲ್ಲ. ಸೂರ್ಯ ದಿಗಂತದಿಂದ ಮೇಲೆ 42 ಡಿಗ್ರಿಗಿಂತ ಕಡಿಮೆ ಎತ್ತರದಲ್ಲಿದ್ದರೆ ಮಾತ್ರ ಅದು ನೆಲದಿಂದ ಮೇಲೆ ಮೂಡುತ್ತದೆ. ಬಿಲ್ಲಿನ ಹೊರ ಅಂಚು ಕೆಂಪು, ಒಳ ಅಂಚು ನೇರಳೆ. ಮೊದಲು ನೋಡಿ, ಆಮೇಲೆ ಬಣ್ಣ ಹಚ್ಚಲಿ. ನೋಡದೆ ಹಚ್ಚಿದವರು ಕ್ರಮವನ್ನು ತಿರುಗುಮುರುಗು ಮಾಡುತ್ತಾರೆ, ದೊಡ್ಡವರೂ ಸಹ. ಆ ಬಿಲ್ಲು ದೇವರು ಭೂಮಿಯ ಎಲ್ಲಾ ಜೀವಿಗಳೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಗುರುತು ಎಂಬ ಮಾತನ್ನು ನೀರಿನ ಪೈಪು ಇನ್ನೂ ಕೈಯಲ್ಲಿರುವಾಗಲೇ ಹೇಳಿ. ಬೆಳಕು ಬಾಗಿ ಬಣ್ಣವಾಗುವುದನ್ನೂ ಈ ಮಾತನ್ನೂ ಒಂದಕ್ಕೊಂದು ಎದುರಾಳಿಯಾಗಿ ನಿಲ್ಲಿಸುವ ಅಗತ್ಯವನ್ನು ನಾನಂತೂ ಕಂಡಿಲ್ಲ.

ಭಾನುವಾರ ಹೊಸ ಪಾಠವಿಲ್ಲ. ಆರಾಧನೆ ಮುಗಿದ ಮೇಲೆ, ವಾರವಿಡೀ ಈ ಕಥೆಯನ್ನು ಕೇಳಿರದ ಯಾರಾದರೊಬ್ಬ ಹಿರಿಯರಿಗೆ ಮಗು ಅದನ್ನು ಹೇಳಲಿ. ಸೋಮವಾರ ಹೇಳಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಬೇರೆ ಪರೀಕ್ಷೆ ಬೇಕಾಗಿಲ್ಲ. 45 ಸೆಂಟಿಮೀಟರಿನ ದಾರವನ್ನು ಮಾತ್ರ ಎಸೆಯಬೇಡಿ. ಮುಂದಿನ ವಾರ ದಾವೀದ ಎದುರಿಸಿದ ದೈತ್ಯ ಗೊಲ್ಯಾತನ ಸರದಿ, ಅವನ ಎತ್ತರ ಆರು ಮೊಳ ಒಂದು ಗೇಣು. ಗೋಡೆಯ ಮೇಲೆ ಗುರುತು ಹಾಕಲು ನಿಮಗೂ ಕೈ ಎಟುಕುವುದಿಲ್ಲವಾದ್ದರಿಂದ ಅವನನ್ನು ನೆಲದ ಮೇಲೆ ಮಲಗಿಸಿಯೇ ಅಳೆಯಬೇಕಾಗುತ್ತದೆ.