ರೂಲಾ ಅಂಕ 6, ನೋವು ಬಲಗಾಲಲ್ಲಿ

ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ಗೆ ಹೊಲಿಗೆ ಲೈನ್ ನೋಡಲು ಮೊದಲ ಸಲ ಹೋದಾಗ ನನ್ನ ಕೈಲಿದ್ದದ್ದು ಕೆಲಸದ ಭಂಗಿ ಅಳೆಯುವ ರೂಲಾ ಹಾಳೆ ಒಂದೇ. 1993ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಆಟಮ್ನಿ ಮತ್ತು ಕಾರ್ಲೆಟ್ ರೂಪಿಸಿದ ವಿಧಾನ ಅದು. ತೋಳು, ಕುತ್ತಿಗೆ, ಬೆನ್ನು ಎಷ್ಟು ಬಾಗಿದೆ ಅಂತ ನೋಡಿ 1ರಿಂದ 7ರವರೆಗೆ ಅಂಕ ಕೊಡಬೇಕು; ಅಂಕ ಹೆಚ್ಚಿದಷ್ಟೂ ಭಂಗಿ ಕೆಟ್ಟದ್ದು. ಮೊಬೈಲಿನಲ್ಲಿ ವಿಡಿಯೊ ತೆಗೆದೆ, ಒಂದು ಕಡೆ ನಿಲ್ಲಿಸಿ ಅಳೆದೆ, 6 ಬಂತು. ಕುರ್ಚಿ ಬದಲಿಸಿ ಎಂದು ಬರೆದುಕೊಟ್ಟು ಬಂದೆ.

ಕುರ್ಚಿಗಳೇನೋ ಬಂದವು. ತಿಂಗಳು ಬಿಟ್ಟು ಹೋದರೆ ಅರ್ಧ ಜನ ಹಳೇ ಸ್ಟೂಲಿನ ಮೇಲೇ ಕೂತಿದ್ದರು! "ಹೊಸದ್ರಲ್ಲಿ ಕಾಲು ಸೆಳೆಯುತ್ತೆ ಮೇಡಂ" ಅಂದರು ಒಬ್ಬ ಅಕ್ಕ.

ರೂಲಾದಲ್ಲಿ ಕಾಲಿಗೆ ಎರಡೇ ಅಂಕ. ಸರಿಯಾಗಿ ಊರಿದ್ದರೆ 1, ಇಲ್ಲದಿದ್ದರೆ 2. ದಿನವಿಡೀ ಪೆಡಲ್ ಒತ್ತುವ ಬಲಗಾಲಿನ ಕಥೆ ಅದರಲ್ಲಿ ಹಿಡಿಸುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಸುಮ್ನೆ ಯೋಚಿಸಿರಲಿಲ್ಲ.

ಈ ಸಲ ಮೈನೋವಿನ ಚಿತ್ರದಿಂದ ಶುರು ಮಾಡಿದೆ. ಹಾಳೆಯಲ್ಲಿ ಮನುಷ್ಯನ ಆಕಾರ, ನೋಯುವ ಕಡೆ ಗುರುತು ಹಾಕಬೇಕು. ಹೆಸರು ಬೇಡ. ಸೂಪರ್‌ವೈಸರ್ ಪಕ್ಕದಲ್ಲಿದ್ದಾಗ ಯಾರಿಗೂ ಏನೂ ನೋವಿರಲಿಲ್ಲ. ಟೀ ಬಿಡುವಿನಲ್ಲಿ ಕೊಟ್ಟಾಗ ಕುತ್ತಿಗೆಯ ಜೊತೆ ಬಲ ಪಾದದ ಗಂಟು, ಮೀನಖಂಡದ ಮೇಲೂ ಗುರುತು ಬಿತ್ತು. ಆಮೇಲೆ ಕೆಲಸವನ್ನು ಬಿಡಿಬಿಡಿಯಾಗಿ ಬರೆದೆ: ಬಂಡಲ್ ಎತ್ತು, ಅಂಚು ಕೂಡಿಸು, ಹೊಲಿ, ದಾರ ಕತ್ತರಿಸು. ಪ್ರತಿ ಹಂತದಲ್ಲೂ ಕಾಲನ್ನೇ ನೋಡಿದೆ. ಪೆಡಲ್ ತೀರಾ ಒಳಗಿತ್ತು. ಕುರ್ಚಿ ಎತ್ತರವಾದ ಮೇಲೆ ಪಾದ ಇನ್ನಷ್ಟು ಬಾಗಿ ನಿಲ್ಲುತ್ತಿತ್ತು. ರೂಲಾವನ್ನು ಕೊನೆಗೆ, ಪದೇ ಪದೇ ಬರುವ ಎರಡು ಭಂಗಿಗಳಿಗೆ ಮಾತ್ರ ಬಳಸಿದೆ.

ಕೆಲಸದ ಹೊರೆ ಅಳೆಯಲು ನಾಸಾದವರ ಟಿಎಲ್‌ಎಕ್ಸ್ ಎಂಬ ಪ್ರಶ್ನಾವಳಿ ಕೂಡ ಒಯ್ದಿದ್ದೆ. ಅದರ ಆರು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರೆ ಎಲ್ಲಕ್ಕೂ ಒಂದೇ ಉತ್ತರ. ಕೈಬಿಟ್ಟು, "ಯಾವ ಗಂಟೆ ಕಷ್ಟ?" ಅಂತ ಕೇಳಿದೆ. ಊಟಕ್ಕೆ ಮುಂಚಿನದು, ಟಾರ್ಗೆಟ್ ಬಾಕಿ ಉಳಿದಾಗ ಅಂದರು. ವಿಡಿಯೊ ತೆಗೆಯುವ ಹೊತ್ತು ಅಲ್ಲೇ ಗೊತ್ತಾಯಿತು.

ಎಲ್ಲ ಸೇರಿಸಿ ಒಂದೇ ಅಂಕ ಕೊಡಿ ಎಂದು ಮ್ಯಾನೇಜರ್ ಕೇಳಿದರು. ಕೊಡಲಿಲ್ಲ. ಕೂಡಿಸಿದರೆ ಕಾಲು ಮತ್ತೆ ಮಾಯವಾಗುತ್ತಿತ್ತು, ಅಲ್ವಾ?

ಪೆಡಲನ್ನು ಕೂತವರ ಕಡೆಗೆ ಸರಿಸಲು ಮೆಕ್ಯಾನಿಕ್‌ಗೆ ಒಂದು ಸ್ಪ್ಯಾನರ್ ಸಾಕಾಯಿತು. ಮತ್ತೆ ಅಳೆದಾಗಲೂ ರೂಲಾ 6ರಲ್ಲೇ ಇತ್ತು. ಕಣ್ಣು ಸೂಜಿಯ ಮೇಲಿರುವಾಗ ಕುತ್ತಿಗೆ ಬಾಗಲೇಬೇಕು. "ಹಾಗಾದರೆ ಸುಧಾರಿಸಿದ್ದೇನು?" ಎಂದರು ಮ್ಯಾನೇಜರ್. ಹಳೆಯ, ಹೊಸ ನೋವಿನ ಚಿತ್ರಗಳನ್ನು ಅವರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ.